ಬಿಡಿಸಿದ ನಕ್ಷತ್ರ ಎಲ್ಲಿ ಹೋಯ್ತು?

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಕಂಪ್ಯೂಟರ್ ಪುಟದಲ್ಲಿ ಜಾವಾ ಸ್ವಿಂಗ್‌ನಲ್ಲಿ (ಜಾವಾ ಭಾಷೇಲಿ ವಿಂಡೋ, ಬಟನ್ ಮಾಡೋ ಸಲಕರಣೆ) ನಮಗೆ ಬೇಕಾದ ಶೇಪ್ ಬಿಡಿಸೋದು ಹೇಗೆ ಅಂತ ಬಂದಿತ್ತಲ್ಲ, ಅದನ್ನ ನನ್ನ ಮಗಳು ಅಕ್ಷರ ಬಿಡದೆ ಟೈಪ್ ಮಾಡಿದ್ಲು. ಬಟನ್ ಒತ್ತಿದ್ರೆ ನಕ್ಷತ್ರ ಬಂತು, ಕುಣಿದಾಡಿದ್ಲು, ವಿಂಡೋ ಅಂಚು ಹಿಡಿದು ಒಂಚೂರು ಎಳೆದ್ಲು ನೋಡಿ, ನಕ್ಷತ್ರ ಮಂಗಮಾಯ. ಲೆಕ್ಕ ಎಲ್ಲೋ ತಪ್ಪಿರ್ಬೇಕು ಅಂತ ಅರ್ಧ ದಿನ ಕೋನಗಳನ್ನೇ ತಿದ್ದುತ್ತಾ ಕೂತಿದ್ಲು ಪಾಪ. ಲೆಕ್ಕ ಸರಿ ಇತ್ತು, ತಪ್ಪಿದ್ದು ಲೇಖನ.

ಗೆಟ್‌ಗ್ರಾಫಿಕ್ಸ್ ಅನ್ನೋ ಮೆಥಡ್ (ಹೆಸರಿಟ್ಟ ಕೋಡ್ ತುಣುಕು) ಕರೆದು ನೇರ ಸ್ಕ್ರೀನ್ ಮೇಲೆ ಬರೀರಿ ಅಂತ ಹೇಳಿದೀರಿ, ಅದು ನೀರಿನ ಮೇಲೆ ಬರೆದ ಹಾಗೆ. ವಿಂಡೋಗೆ ನಾವು ಬರೆದದ್ದು ನೆನಪಿರಲ್ಲ, ಸೈಜ್ ಬದಲಾದ್ರೆ, ಮಿನಿಮೈಸ್ ಮಾಡಿ ಮತ್ತೆ ತೆಗೆದ್ರೆ "ಇನ್ನೊಂದ್ಸಲ ಬರಿ" ಅಂತ ಪ್ರೋಗ್ರಾಮನ್ನೇ ಕೇಳುತ್ತೆ, ಆ ಕೇಳೋ ಜಾಗನೇ ಪೇಂಟ್‌ಕಾಂಪೊನೆಂಟ್ ಮೆಥಡ್. ಬರೆಯೋ ಕೋಡೆಲ್ಲಾ ಅಲ್ಲೇ ಇರ್ಬೇಕು. ಬಟನ್ ಒತ್ತಿದಾಗ ಡೇಟಾ ಬದಲಿಸಿ ಮತ್ತೆ ಬರಿ ಅಂತ ಹೇಳೋ ರಿಪೇಂಟ್ ಕರೆದ್ರೆ ಸಾಕು, ಅದೂ ತಕ್ಷಣ ಬರೆಯಲ್ಲ, ಸರದಿಗೆ ಹಾಕುತ್ತೆ, ಬೆನ್ನಿಗೆ ಬೆನ್ನು ಹತ್ತು ಸಲ ಕರೆದ್ರೂ ಎಲ್ಲಾ ಸೇರಿಸಿ ಒಂದೇ ಸಲ ಬರೆದುಬಿಡಬಹುದು. ಪೇಂಟ್‌ಕಾಂಪೊನೆಂಟ್ ಒಳಗೆ ಮೊದಲು ಸೂಪರ್‌ನ, ಅಂದ್ರೆ ಹಿನ್ನೆಲೆ ಒರೆಸೋ ಸ್ವಿಂಗ್‌ನ ಮೂಲ ಪೇಂಟ್‌ಕಾಂಪೊನೆಂಟನ್ನ, ಕರೀಬೇಕು, ಮರೆತ್ರೆ ಹಳೇ ಚಿತ್ರದ ಮೇಲೇ ಹೊಸದು ಬಂದು ಕೂರುತ್ತೆ. ಸ್ವಿಂಗ್ ಥರದ್ದೇ ಇನ್ನೊಂದು ಸಲಕರಣೆ ಕ್ಯೂಟಿ ಆದ್ರೆ ಪೇಂಟ್‌ಇವೆಂಟ್, ಹೆಸರು ಬೇರೆ ಕೆಲಸ ಅದೇ. ಪೈಥಾನ್ ಭಾಷೆಯ ಇಂಥದ್ದೇ ಸಲಕರಣೆ ಟಿಕೆಇಂಟರ್ ಮಾತ್ರ ಬೇರೆ ಜಾತಿ, ಅದರ ಕ್ಯಾನ್ವಾಸ್ ಕೊಟ್ಟ ಶೇಪನ್ನ ತಾನೇ ಇಟ್ಕೊಂಡು ತಾನೇ ಬರ್ಕೊಳ್ಳುತ್ತೆ, ಲೇಖಕರು ಆ ಅಭ್ಯಾಸದಲ್ಲೇ ಬರೆದ್ರೋ ಏನೋ.

ಇನ್ನು ನಕ್ಷತ್ರ. ನಿಮ್ಮ ಕೋಡ್‌ನಲ್ಲಿ ಅದು ತಲೆಕೆಳಗಾಗೇ ಬರುತ್ತೆ, ಯಾಕಂದ್ರೆ ಸ್ಕ್ರೀನಲ್ಲಿ ಸೊನ್ನೆ ಇರೋದು ಎಡಗಡೆ ಮೇಲಿನ ಮೂಲೆಯಲ್ಲಿ, ವೈ ಕೆಳಗೆ ಹೋದಷ್ಟೂ ಜಾಸ್ತಿಯಾಗುತ್ತೆ, ಗಣಿತದ ಗ್ರಾಫ್‌ಗೆ ಉಲ್ಟಾ. 90ರ ಬದಲು ಮೈನಸ್ 90 ಡಿಗ್ರಿಯಿಂದ ಶುರು ಮಾಡಿದ್ರೆ ತುದಿ ಮೇಲೆ ಬರುತ್ತೆ. ಇನ್ನೊಂದು ತಮಾಷೆ ಅಂದ್ರೆ, ಐದೇ ಬಿಂದು ಇಟ್ಟು ಒಂದು ಬಿಟ್ಟು ಒಂದು ಸೇರಿಸಿ ಜಾವಾದ ಪಾಲಿಗನ್ ಕ್ಲಾಸ್‌ನಲ್ಲಿ (ಆಕಾರ ಕಟ್ಟೋ ಅಚ್ಚು) ಬಣ್ಣ ತುಂಬಿದ್ರೆ ನಡುವೆ ಐದು ಮೂಲೆಯ ತೂತು, ಅದೇ ಬಿಂದುಗಳನ್ನ ಅಂಥದ್ದೇ ಇನ್ನೊಂದು ಅಚ್ಚು ಪಾತ್‌2ಡಿಗೆ ಕೊಟ್ರೆ ಪೂರ್ತಿ ತುಂಬುತ್ತೆ! ಒಳಗೆ ಯಾವುದು ಹೊರಗೆ ಯಾವುದು ಅಂತ ತೀರ್ಮಾನಿಸೋಕೆ ಎರಡೂ ಬೇರೆಬೇರೆ ನಿಯಮ ಹಿಡಿಯೋದೇ ಕಾರಣ. ತೂತಿನ ಗೋಜೇ ಬೇಡ ಅಂದ್ರೆ 36 ಡಿಗ್ರಿಗೊಂದರಂತೆ ಹತ್ತು ಬಿಂದು, ಒಂದು ಹೊರಗೆ ಒಂದು ಒಳಗೆ. ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಂಡ್ರೆ ಅಂಚು ನಯ ಮಾಡೋ ಆಂಟಿಅಲಿಯಾಸಿಂಗ್ ಆನ್ ಮಾಡಿ.

ದಯವಿಟ್ಟು ಮುಂದಿನ ವಾರ ತಿದ್ದುಪಡಿ ಹಾಕಿ, ಮೂಲೆಯಲ್ಲಿ ನಾಲ್ಕು ಸಾಲಾದ್ರೂ ಪರವಾಗಿಲ್ಲ. ಪೇಪರ್‌ನಲ್ಲೇ ಬಂದಿದೆಯಲ್ಲಪ್ಪ ಅಂತ ಮಗಳು ಇನ್ನೂ ನನ್ನ ಮಾತು ನಂಬ್ತಿಲ್ಲ.

ಇಂತಿ,
ನಿಮ್ಮ ಹಳೇ ಓದುಗ