ಪುಟ್ಟಿ, ಮೊದಲು ಆ ಫೋನು ಪಕ್ಕಕ್ಕಿಡು

ಮೈಸೂರು
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ನಿನ್ನ ದೊಡ್ಡಪ್ಪನಿಗೆ ಮಂಡಿ ನೋವು ಹಾಗೇ ಇದೆ, ಬಾಯಿಗೇನೂ ನೋವಿಲ್ಲ.

ಮೊನ್ನೆ ಫೋನಿನಲ್ಲಿ ನೀನು "ಯೋಗ ಬಿಟ್ಟು ನಾಲ್ಕು ತಿಂಗಳಾಯ್ತು ದೊಡ್ಡಮ್ಮ, ಟೈಮೇ ಸಿಗ್ತಿಲ್ಲ" ಅಂದೆ. ನಾನು ಹ್ಞೂಂ ಅಂದೆ. ಅಷ್ಟರಲ್ಲಿ ನಿನ್ನ ಮಗ ಏನನ್ನೋ ದಡಾರ್ ಅಂತ ಬೀಳಿಸಿದ, ಮಾತು ಅಲ್ಲಿಗೇ ನಿಂತಿತು. ಆಮೇಲೆ ಎರಡು ದಿನ ಅದೇ ತಲೆಯಲ್ಲಿ ಸುತ್ತುತ್ತಿತ್ತು. ಫೋನಿನಲ್ಲಿ ಹೇಳಿದರೆ ಉಪದೇಶದ ಥರ ಕೇಳಿಸುತ್ತೆ. ಕಾಗದವಾದರೆ ಬೇಕಾದಾಗ ಓದಬಹುದು, ಬೇಜಾರಾದರೆ ಮಡಚಿಡಬಹುದು.

ನಿನಗೆ ಟೈಮಿಲ್ಲ ಅನ್ನೋದನ್ನ ನಾನು ನಂಬುತ್ತೇನೆ. ಆ ವೈಟ್‌ಫೀಲ್ಡ್ ರಸ್ತೆಯಲ್ಲಿ ಒಂದು ಸಲ ನಿನ್ನ ಪಕ್ಕ ಕೂತು ಬಂದಿದ್ದೇನಲ್ಲ, ಸಾಕು. ಆದರೆ ನಿನ್ನ ಯೋಗ ನಿಂತಿದ್ದು ಬರೀ ಅದಕ್ಕಲ್ಲ. ದಸರಾ ರಜೆಯಲ್ಲಿ ನಿಮ್ಮ ಮನೆಯಲ್ಲಿದ್ದಾಗ ನಾನೇ ನೋಡಿದೆ. ನೀನು ಆರಕ್ಕೆ ಎದ್ದು ಮ್ಯಾಟ್ ಹಾಸಿದೆ, ಲ್ಯಾಪ್‌ಟಾಪ್ ತೆರೆದೆ. ಲಿಂಕ್ ಬರಲಿಲ್ಲ. ಆರೂಕಾಲಾಯಿತು. ಆಮೇಲೆ ಗ್ರೂಪಿನಲ್ಲಿ ಇವತ್ತು ಕ್ಲಾಸ್ ಇಲ್ಲ ಅಂತ ಮೆಸೇಜು ಬಂತು. ನೀನು ಮ್ಯಾಟ್ ಸುತ್ತಿಟ್ಟು, ಸೋಫಾದ ಮೂಲೆಯಲ್ಲಿ ಕಾಲು ಮಡಚಿ ಕೂತು, ಏಳು ಗಂಟೆಯವರೆಗೆ ಫೋನು ತಳ್ಳುತ್ತಾ ಇದ್ದೆ. ಮುಕ್ಕಾಲು ಗಂಟೆ ನಿನ್ನ ಕೈಯಲ್ಲೇ ಇತ್ತು. ಮೈ ಇತ್ತು, ಮ್ಯಾಟ್ ಇತ್ತು, ಮಗು ಮಲಗಿತ್ತು. ಮುಂದೇನು ಮಾಡಬೇಕು ಅಂತ ಹೇಳೋರು ಮಾತ್ರ ಇರಲಿಲ್ಲ. ಎರಡು ವರ್ಷ ಕಲಿತವಳು ನೀನು! ಇದರಲ್ಲಿ ನಿನ್ನನ್ನೇನೂ ಬೈಯುತ್ತಿಲ್ಲ. ಕಲಿಸಿದ ರೀತಿಯೇ ಹಾಗಿದೆ. ಅವರು ಹೇಳುತ್ತಾರೆ, ನೀವು ಮಾಡುತ್ತೀರಿ. ಅವರು ಹೇಳದೆ ಇದ್ದ ದಿನ ನೀವು ಮಾಡಲ್ಲ.

ಒಂದು ತಮಾಷೆ ಕೇಳು. ಮೈಸೂರು ಪಾಕ್ ಗೊತ್ತು, ಮೈಸೂರು ಸಿಲ್ಕ್ ಗೊತ್ತು, ಮೈಸೂರು ಮಲ್ಲಿಗೆ ಗೊತ್ತು. 'ಮೈಸೂರು ಸ್ಟೈಲ್' ಅಂತ ಇನ್ನೊಂದಿದೆ, ಯೋಗ ಕಲಿಸುವ ಒಂದು ರೀತಿ. ಅದು ನ್ಯೂಯಾರ್ಕಿನವರಿಗೆ ಗೊತ್ತು, ಲಂಡನ್ನಿನವರಿಗೆ ಗೊತ್ತು, ನಮ್ಮ ಮೈಸೂರಿನವರಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ನಾನು 1982ರಲ್ಲಿ ಮದುವೆಯಾಗಿ ಲಕ್ಷ್ಮೀಪುರಕ್ಕೆ ಬಂದಾಗ, ಅದನ್ನು ಕಲಿಸುತ್ತಿದ್ದ ಪಟ್ಟಾಭಿ ಜೋಯಿಸರ ಯೋಗಶಾಲೆ ಅಲ್ಲೇ ಇತ್ತು. ಹೊರಗಿನ ದೇಶದವರು ಕತ್ತಲಿರುವಾಗಲೇ ಬಂದು ಮೆಟ್ಟಿಲ ಮೇಲೆ ಸರದಿಗೆ ಕಾಯುತ್ತಿದ್ದರು. ನಮ್ಮ ಅತ್ತೆ ರಂಗೋಲಿ ಹಾಕುತ್ತಾ "ಇವರಿಗೆ ಮನೆಮಠ ಇಲ್ವಾ?" ಅಂತ ಗೊಣಗುತ್ತಿದ್ದರು. ಜೋಯಿಸರು ಹಾಸನದ ಹತ್ತಿರ ಕೌಶಿಕ ಅನ್ನೋ ಹಳ್ಳಿಯವರು. 1927ರಲ್ಲಿ, ಇನ್ನೂ ಹುಡುಗರಾಗಿದ್ದಾಗ, ಹಾಸನದಲ್ಲಿ ಯೋಗದ ಗುರು ಕೃಷ್ಣಮಾಚಾರ್ಯರು ಆಸನ ಮಾಡಿ ತೋರಿಸಿದ್ದನ್ನು ನೋಡಿ ಮರುಳಾಗಿ ಕಲಿಯೋಕೆ ಹೋದವರು. ಆ ಆಚಾರ್ಯರೇ ಮುಂದೆ ನಾಲ್ವಡಿಯವರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ್ದು.

ಈ ಮೈಸೂರು ಸ್ಟೈಲಿನಲ್ಲಿ ಕೋಣೆಯಲ್ಲಿರುವ ಎಲ್ಲರೂ ಒಂದೇ ಸಲ ಒಂದೇ ಆಸನ ಮಾಡಲ್ಲ. ಮೇಷ್ಟ್ರು ಜೋರಾಗಿ ಎಣಿಸುತ್ತಾ ನಡೆಸೋದೂ ಇಲ್ಲ. ಒಬ್ಬೊಬ್ಬರಿಗೂ ಒಂದೊಂದೇ ಆಸನ ಕೊಡುತ್ತಾರೆ. ಅದು ಮೈಗೆ ಹತ್ತಿದ ಮೇಲೆ ಇನ್ನೊಂದು. ಕ್ರಮ ನಿನಗೆ ಬಾಯಿಪಾಠ ಆಗಿರಬೇಕು. ನಿನ್ನ ಉಸಿರಿನ ವೇಗಕ್ಕೆ ನೀನು ಮಾಡಿಕೊಂಡು ಹೋಗುತ್ತೀ. ನಿನಗೆ ಎಲ್ಲಿಯವರೆಗೆ ಕೊಟ್ಟಿದ್ದಾರೋ ಅಲ್ಲಿಗೆ ನಿಲ್ಲಿಸಿ, ಮುಗಿಸುವ ಆಸನಗಳನ್ನು ಮಾಡಿ, ಮಲಗುತ್ತೀ. ಮೇಷ್ಟ್ರು ಓಡಾಡಿಕೊಂಡು ಬೇಕಾದ ಕಡೆ ತಿದ್ದುತ್ತಾರೆ, ಅಷ್ಟೇ.

ನಾನು ಅಲ್ಲಿ ಕಲಿಯಲಿಲ್ಲ. ಬ್ಯಾಂಕಿನ ಕೆಲಸ, ಮನೆ, ನಿನ್ನ ಅಣ್ಣ ಆಗ ಕೂಸು. ನಮ್ಮ ಹಿಂದಿನ ರಸ್ತೆಯ ಒಬ್ಬರು ಮೇಷ್ಟ್ರು ಇದೇ ರೀತಿ ಹೇಳಿಕೊಡುತ್ತಿದ್ದರು. ಮೊದಲ ತಿಂಗಳು ಬರೀ ಸೂರ್ಯ ನಮಸ್ಕಾರ. ನನಗೆ ರೇಗಿಹೋಗಿತ್ತು. ಈಗ ಅನ್ನಿಸುತ್ತೆ, ಆ ತಿಂಗಳು ಇಲ್ಲದಿದ್ದರೆ ನಾನೂ ಲಿಂಕಿಗೆ ಕಾಯುವವಳೇ ಆಗಿರುತ್ತಿದ್ದೆ.

ಅದಕ್ಕೆ ಮೊದಲ ಕೆಲಸ, ಒಂದು ಪುಟ್ಟ ಕ್ರಮವನ್ನು ಬಾಯಿಪಾಠ ಮಾಡಿಕೋ. ನಿನಗೆ ಈಗಾಗಲೇ ಸಲೀಸಾಗಿ ಬರುವುದನ್ನೇ ಇಟ್ಟುಕೋ. ನಂದು ಇಷ್ಟು: ಮೂರು ಸೂರ್ಯ ನಮಸ್ಕಾರ, ಎರಡೂ ಕಡೆ ತ್ರಿಕೋಣಾಸನ, ಕಾಲು ಚಾಚಿ ಕೂತು ಮುಂದಕ್ಕೆ ಬಗ್ಗುವ ಪಶ್ಚಿಮೋತ್ತಾನ, ಎರಡೂ ಕಡೆ ಸೊಂಟ ತಿರುಗಿಸುವುದು ಒಂದು, ಮಲಗಿ ಸೊಂಟ ಎತ್ತುವ ಸೇತುಬಂಧ, ಕೊನೆಗೆ ಶವಾಸನ. ಇಪ್ಪತ್ತು ಇಪ್ಪತ್ತೈದು ನಿಮಿಷ. ನಮ್ಮ ಮನೆಯಲ್ಲಿ ಎಲೆ ಹಾಕಿದಾಗ ಏನು ಮಾಡ್ತೀವಿ? ಮೊದಲು ಉಪ್ಪು, ಕೊನೆಗೆ ಮಜ್ಜಿಗೆ. ಹಬ್ಬದ ದಿನ ನಡುವೆ ಹದಿನಾರು ಬಗೆ ಬಂದು ಹೋಗುತ್ತೆ, ಮಾಮೂಲಿ ದಿನ ಬರೀ ಹುಳಿಯನ್ನ. ಉಪ್ಪು, ಮಜ್ಜಿಗೆ ಮಾತ್ರ ಎರಡೂ ದಿನ ಇದ್ದದ್ದೇ. ಹಾಗೆ ಸೂರ್ಯ ನಮಸ್ಕಾರ, ಶವಾಸನ ಎರಡನ್ನ ಬಿಡಬೇಡ. ಮಾರ್ಚ್ ಕ್ಲೋಸಿಂಗ್ ಸಮಯದಲ್ಲಿ ರಾತ್ರಿ ಹನ್ನೊಂದಕ್ಕೆ ಮನೆಗೆ ಬರುತ್ತಿದ್ದೆ. ಆಗ ಬೆಳಿಗ್ಗೆ ನನ್ನದು ಉಪ್ಪು-ಮಜ್ಜಿಗೆ ಮಾತ್ರ. ಹತ್ತು ನಿಮಿಷ. ಅದನ್ನೂ ಪೂರ್ತಿ ಅಭ್ಯಾಸ ಅಂತಲೇ ಲೆಕ್ಕಕ್ಕೆ ಹಿಡಿದೆ. ಬ್ಯಾಂಕಿನವಳು ನಾನು, ಲೆಕ್ಕ ತಪ್ಪಲ್ಲ.

ಲೆಕ್ಕ ಅಂದಾಗ ನೆನಪಾಯಿತು. ನೀನು ಒಂದು ದಿನ ತಪ್ಪಿದರೆ ವಾರವೇ ಹೋಯಿತು ಅಂತ ಬಿಟ್ಟುಬಿಡುವವಳು. ಚಿಕ್ಕಂದಿನಲ್ಲಿ ಒಂದು ಅಕ್ಷರ ಕೆಟ್ಟರೆ ಇಡೀ ಹಾಳೆ ಹರಿಯುತ್ತಿದ್ದೆಯಲ್ಲ, ಅದೇ ಬುದ್ಧಿ. ಜೋಯಿಸರ ಕಡೆಯವರದ್ದು ಬಹಳ ಕಟ್ಟುನಿಟ್ಟು ಅಂತ ಹೆಸರು. ಅವರಲ್ಲೂ ಶನಿವಾರ ರಜೆ. ಅಮಾವಾಸ್ಯೆ, ಹುಣ್ಣಿಮೆ ರಜೆ. ಹೆಣ್ಣುಮಕ್ಕಳಿಗೆ ತಿಂಗಳಲ್ಲಿ ಮೂರು ದಿನ ರಜೆ. ಶನಿವಾರ 52, ಅಮಾವಾಸ್ಯೆ ಹುಣ್ಣಿಮೆ ಸೇರಿ 24 ಅಥವಾ 25, ಆ ಮೂರು ದಿನಗಳು ವರ್ಷಕ್ಕೆ 36. ಒಂದರ ಮೇಲೊಂದು ಬೀಳುವುದನ್ನು ಕಳೆದರೂ ಹತ್ತಿರ ಹತ್ತಿರ ನೂರು ದಿನ ಆಯಿತು. ಅಷ್ಟು ಶಿಸ್ತಿನವರೇ ವರ್ಷಕ್ಕೆ ನೂರು ದಿನ ಬಿಡುತ್ತಾರೆ. ನೀನು ಒಂದು ಮಂಗಳವಾರ ತಪ್ಪಿತು ಅಂತ ಮುಖ ಸಣ್ಣ ಮಾಡಿಕೊಂಡು ಕೂರುತ್ತೀ!

ಈಗ ನನ್ನ ಪ್ರತಾಪ ಹೇಳುತ್ತೇನೆ, ನಗಬೇಡ. 1998ರಲ್ಲಿ ಅತ್ತೆ ಹಾಸಿಗೆ ಹಿಡಿದರು. ಹದಿನಾಲ್ಕು ತಿಂಗಳು ನಾನು ಒಂದು ಆಸನವನ್ನೂ ಮಾಡಲಿಲ್ಲ. ಅವರು ಹೋದ ಮೇಲೆ, ವೈಕುಂಠ ಸಮಾರಾಧನೆ ಎಲ್ಲ ಮುಗಿದು ಮನೆ ಖಾಲಿಯಾದ ಮೇಲೆ, ಒಂದು ದಿನ ಬೆಳಿಗ್ಗೆ ಹಟ ಬಂತು. ಎಲ್ಲಿ ಬಿಟ್ಟಿದ್ದೆನೋ ಅಲ್ಲಿಂದಲೇ ಶುರು ಮಾಡಬೇಕು ಅಂತ. ಭುಜದ ಮೇಲೆ ನಿಲ್ಲುವ ಸರ್ವಾಂಗಾಸನ ಮಾಡಿದೆ, ಹಾಗೇ ಹಲಾಸನಕ್ಕೆ ಕಾಲು ಹಿಂದೆ ಹಾಕಿದೆ. ಕತ್ತಿನಲ್ಲಿ ಚಳಕ್ ಅಂತು. ಮೂರು ವಾರ ಕತ್ತು ತಿರುಗಲಿಲ್ಲ. ಕೌಂಟರಿನಲ್ಲಿ ಯಾರಾದರೂ ಪಕ್ಕದಿಂದ "ಮೇಡಂ" ಅಂದರೆ ಕುರ್ಚಿ ಸಮೇತ ತಿರುಗುತ್ತಿದ್ದೆ. ಪಾಸ್‌ಬುಕ್ ಎಂಟ್ರಿಗೆ ಬಂದ ಒಬ್ಬ ಹುಡುಗ ಹೆದರಿಯೇಬಿಟ್ಟ.

ನಿನ್ನ ತಾತ ಆಗ ಇದ್ದರು. ಹೈಸ್ಕೂಲ್ ಸಂಸ್ಕೃತ ಮೇಷ್ಟ್ರು, ಸಂದರ್ಭ ಸಿಕ್ಕರೆ ಶ್ಲೋಕ. ನನ್ನ ಕತ್ತು ನೋಡಿ ಹಠಯೋಗ ಪ್ರದೀಪಿಕೆ ಅನ್ನೋ ಹಳೆಯ ಯೋಗಗ್ರಂಥದ ಮಾತು ಎತ್ತಿದರು. ಯೋಗವನ್ನು ಕೆಡಿಸುವುದು ಆರು ಅಂತ ಅದರಲ್ಲಿದೆಯಂತೆ: ಅತಿಯಾಗಿ ತಿನ್ನುವುದು, ಅತಿಯಾಗಿ ದಣಿಯುವುದು, ವಟವಟ ಮಾತು, ನಿಯಮಾಗ್ರಹ, ಜನರ ಸಹವಾಸ, ಮನಸ್ಸಿನ ಚಂಚಲ. "ಇದರಲ್ಲಿ ನಿಯಮಾಗ್ರಹ ಇದೆಯಲ್ಲಮ್ಮ, ಅದನ್ನ ಎರಡು ಥರ ಬಿಡಿಸಬಹುದು" ಅಂದರು. ನಿಯಮ, ಆಗ್ರಹ ಅಂತ ಬಿಡಿಸಿದರೆ ನಿಯಮದ ವಿಷಯದಲ್ಲಿ ಹಟ ಹಿಡಿಯೋದು. ನಿಯಮ, ಅಗ್ರಹ ಅಂತ ಬಿಡಿಸಿದರೆ ನಿಯಮವನ್ನೇ ಹಿಡಿಯದೆ ಇರೋದು. ಎರಡೂ ಕೆಡುಕೇ. "ನೀನು ಹದಿನಾಲ್ಕು ತಿಂಗಳು ಎರಡನೇದು ಮಾಡಿದೆ, ಮೊನ್ನೆ ಬೆಳಿಗ್ಗೆ ಮೊದಲನೇದು ಮಾಡಿದೆ" ಅಂತ ನಕ್ಕರು. ನನಗೆ ನಗೋಕೂ ಆಗಲಿಲ್ಲ, ಕತ್ತು ನೋಯುತ್ತಿತ್ತು.

ನಾಲ್ಕು ತಿಂಗಳು ಬಿಟ್ಟವಳು ನೀನು, ಅದಕ್ಕೇ ಇಷ್ಟು ಉದ್ದ ಹೇಳಿದೆ. ಮೊದಲ ಎರಡು ವಾರ ಉಪ್ಪು-ಮಜ್ಜಿಗೆ ಸಾಕು. ಇನ್ನೂ ಮಾಡಬಹುದು ಅನ್ನಿಸಿದಾಗಲೇ ನಿಲ್ಲಿಸು. ಮೂಗಿನಲ್ಲಿ ಆರಾಮಾಗಿ ಉಸಿರಾಡೋಕೆ ಆಗದಿದ್ದರೆ ಆ ಆಸನದಿಂದ ಹೊರಗೆ ಬಾ. ಯಾರೇ ಮೇಲಿನಿಂದ ಒತ್ತಿದರೂ ಬಾಯಿ ಬಿಟ್ಟು "ಸಾಕು" ಅನ್ನು. ನಿವೃತ್ತಿ ಆದ ಮೇಲೆ ಒಂದು ಕ್ಲಾಸಿಗೆ ಸೇರಿದ್ದೆ. ಪಶ್ಚಿಮೋತ್ತಾನದಲ್ಲಿ ಅಲ್ಲಿಯವರು ಬೆನ್ನನ್ನು ಅಮುಕಿದರು. ಸಂಕೋಚಕ್ಕೆ ಸುಮ್ಮನಿದ್ದೆ. ತೊಡೆಯ ಹಿಂದೆ ಹಿಡಿದ ನೋವು ಆರು ತಿಂಗಳು ಬಿಡಲಿಲ್ಲ. ಸಂಕೋಚದ ಬೆಲೆ ಅದು.

ಬೆನ್ನು ಹಲಗೆ ಥರ ಆಗಿದೆ ಅಂದೆಯಲ್ಲ. ಅದಕ್ಕೆ ಊಟದ ಮೇಜಿನ ಕುರ್ಚಿ ಸಾಕು. ಬಿ.ಕೆ.ಎಸ್. ಅಯ್ಯಂಗಾರ್ ಅವರು ಕೋಲಾರದ ಕಡೆಯ ಬೆಳ್ಳೂರಿನವರು. 1934ರಲ್ಲಿ ಮೈಸೂರಿಗೆ ಭಾವ ಕೃಷ್ಣಮಾಚಾರ್ಯರ ಮನೆಗೆ ಬಂದಾಗ ಕಾಯಿಲೆಯಿಂದ ಸೊರಗಿದ ಹುಡುಗ. ಮುಂದೆ ಕುರ್ಚಿ, ಬೆಲ್ಟು, ಮರದ ತುಂಡು, ಗೋಡೆ ಎಲ್ಲವನ್ನೂ ಆಸನಕ್ಕೆ ಬಳಸಿಕೊಂಡರು. ನೀನೂ ಕುರ್ಚಿಯ ಬೆನ್ನು ಹಿಡಿದು, ಹಿಂದೆ ನಡೆದು, ಸೊಂಟದಿಂದ ಬಗ್ಗಿ ನಿಲ್ಲು. ಐದು ಉಸಿರು. ಆಫೀಸಿನಿಂದ ಬಂದ ದಿನ ಗೋಡೆಗೆ ಕಾಲು ಮೇಲೆ ಹಾಕಿ ಐದು ನಿಮಿಷ ಮಲಗು. ರಾತ್ರಿ ಊಟಕ್ಕೆ ಮುಂಚೆ, ಊಟ ಆದ ಮೇಲಲ್ಲ.

ಮಗು ಬಿಡಲ್ಲ ಅಂದೆ. ಬಿಡಬಾರದು ಕೂಡ. ನಿನ್ನ ಅಣ್ಣ ಚಿಕ್ಕವನಿದ್ದಾಗ ನಾನು ಕೈಕಾಲು ನೆಲಕ್ಕೂರಿ ಸೊಂಟ ಮೇಲೆತ್ತುವ ಅಧೋಮುಖ ಶ್ವಾನಾಸನಕ್ಕೆ ಬಂದರೆ ಸಾಕು, ಕೆಳಗೆ ನುಸುಳಿ "ಅರಸೀಕೆರೆ ಪ್ಯಾಸೆಂಜರ್" ಅಂತ ಕೂಗುತ್ತಾ ಆ ಕಡೆಯಿಂದ ಈ ಕಡೆಗೆ ಬರುತ್ತಿದ್ದ. ರೈಲು ದಾಟುವವರೆಗೆ ಸುರಂಗ ಬೀಳುವ ಹಾಗಿಲ್ಲ. ಐದು ಉಸಿರಿನದ್ದು ಹತ್ತಾಗುತ್ತಿತ್ತು. ನನ್ನ ಭುಜ ಗಟ್ಟಿಯಾಗಿದ್ದು ಅವನಿಂದಲೇ. ಗಂಡನಿಗೂ ಒಂದು ಮಾತು ಹೇಳು: ಆ ಇಪ್ಪತ್ತು ನಿಮಿಷ ಹಾಲು ಉಕ್ಕಿದರೆ ನೋಡಿಕೊಳ್ಳಬೇಕಾದ್ದು ಅವನು. ಬಾಯಿ ಬಿಟ್ಟು ಕೇಳು. ತಾನಾಗಿ ಗೊತ್ತಾಗುತ್ತೆ ಅಂತ ನಾನು ಹತ್ತು ವರ್ಷ ಕಾದೆ, ನಿನ್ನ ದೊಡ್ಡಪ್ಪನಿಗೆ ಇವತ್ತಿಗೂ ಗೊತ್ತಾಗಿಲ್ಲ.

ಕ್ಲಾಸ್ ಬಿಡು ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡ. ವಾರಕ್ಕೊಮ್ಮೆ ಹೋಗು, ತಿದ್ದಿಸಿಕೋ. ಉಳಿದ ದಿನ ಫೋನು ಅಡುಗೆಮನೆಯಲ್ಲಿರಲಿ.

ಯುಗಾದಿಗೆ ನಾಲ್ಕು ದಿನ ಬರ್ತೀವಿ ಅಂದಿದ್ದೀರಿ. ಮ್ಯಾಟ್ ಹೊತ್ತುಕೊಂಡು ಬರಬೇಡ. ಅಟ್ಟದಲ್ಲಿದ್ದ ಕೆಂಪು ಪಟ್ಟೆಯ ಜಮಖಾನ ನಿನ್ನೆ ಇಳಿಸಿದೆ. ನಾನು ಕಲಿತಿದ್ದು ಅದರ ಮೇಲೇ. ಒಂದು ಮೂಲೆ ಇಲಿ ಕಡಿದಿದೆ, ತಲೆ ಆ ಕಡೆ ಹಾಕದಿದ್ದರೆ ಆಯಿತು. ಒಗೆದು ಮಹಡಿಯ ಮೇಲೆ ಹಾಕಿದ್ದೇನೆ, ಇನ್ನೂ ಒಣಗಿಲ್ಲ.

ಇತಿ ನಿನ್ನ
ದೊಡ್ಡಮ್ಮ