ಇಮೇಲ್ ಲಗತ್ತುಗಳ ತಪಾಸಣೆ ಕುರಿತು ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಮೈಸೂರು ಮತ್ತು ಮಂಡ್ಯದ ಅಂಗಡಿ, ಅಕ್ಕಿ ಗಿರಣಿ, ಲೆಕ್ಕಪರಿಶೋಧಕರ ಕಚೇರಿಗಳ ಇಮೇಲ್ ನೋಡಿಕೊಳ್ಳುತ್ತಿರುವ ನಮ್ಮ ಸಂಸ್ಥೆಯು ಬರುವ ಸೋಮವಾರದಿಂದ ಪತ್ರಗಳೊಂದಿಗೆ ಬರುವ ಲಗತ್ತುಗಳನ್ನೂ ತಪಾಸಣೆಗೆ ಒಳಪಡಿಸಲಿದೆ.

ನಾವು ಬಳಸುವ, ಬೇಡದ ಪತ್ರಗಳನ್ನು (ಸ್ಪ್ಯಾಮ್) ಪತ್ತೆಹಚ್ಚುವ ತಂತ್ರಾಂಶವಾದ ಸ್ಪ್ಯಾಮ್‌ಅಸ್ಯಾಸಿನ್ ಪ್ರತಿ ಪತ್ರಕ್ಕೂ ಅಂಕ ಹಾಕಿ, ಮೊತ್ತ 5 ಮುಟ್ಟಿದರೆ ಸ್ಪ್ಯಾಮ್ ಎಂದು ಗುರುತಿಸುತ್ತದೆ. ಆದರೆ ನಮ್ಮಲ್ಲಿ ಈವರೆಗೆ ಅದು ಓದುತ್ತಿದ್ದುದು ಪತ್ರದ ತಲೆಬರಹ ಮತ್ತು ಒಕ್ಕಣೆಯನ್ನು ಮಾತ್ರ. ಮಂಡ್ಯದ ಬೆಲ್ಲದ ವ್ಯಾಪಾರಿಯೊಬ್ಬರಿಗೆ ‘ಬಾಕಿ ಬಿಲ್ ಲಗತ್ತಿಸಿದೆ’ ಎಂಬ ಒಂದೇ ಸಾಲಿನ ಪತ್ರ ಬಂದಾಗ ಆ ಸಾಲಿನಲ್ಲಿ ತಪ್ಪು ಹಿಡಿಯಲು ಏನೂ ಇರಲಿಲ್ಲ. ಜೊತೆಗಿದ್ದ ಜಿಪ್‌ನ (ಕಡತಗಳನ್ನು ಕುಗ್ಗಿಸಿ ಕಟ್ಟಿದ ಗಂಟಿನ) ಒಳಗಿನ ಕಡತದ ಹೆಸರು ಮಾತ್ರ ‘ಬಿಲ್.ಪಿಡಿಎಫ್.ಇಎಕ್ಸ್‌ಇ’ ಎಂದಿತ್ತು; ಕೊನೆಯ ‘ಇಎಕ್ಸ್‌ಇ’ ಎಂದರೆ ಅದು ದಾಖಲೆಯಲ್ಲ, ಓಡುವ ಪ್ರೋಗ್ರಾಮ್. ಪರಿಚಿತ ಕಡತಗಳ ಹೆಸರಿನ ಕೊನೆಯ ಭಾಗವನ್ನು ವಿಂಡೋಸ್ ಸಾಮಾನ್ಯವಾಗಿ ಮರೆಮಾಡುವುದರಿಂದ ಅವರಿಗೆ ಕಂಡದ್ದು ‘ಬಿಲ್.ಪಿಡಿಎಫ್’ ಅಷ್ಟೇ. ತೆರೆಯುವ ಮೊದಲು ಅವರು ನಮಗೆ ಫೋನ್ ಮಾಡಿದ್ದರಿಂದ ಅನಾಹುತ ತಪ್ಪಿತು. ಅದನ್ನು ಹಿಡಿಯಬೇಕಾದವರು ನಾವಾಗಿದ್ದೆವು.

ಆ ಕಾರಣಕ್ಕಾಗಿ ಪರ್ಲ್ ಭಾಷೆಯಲ್ಲಿ ಸ್ಪ್ಯಾಮ್‌ಅಸ್ಯಾಸಿನ್‌ಗೆ ಜೋಡಿಸುವ ಪ್ಲಗಿನ್ (ಪೂರಕ ಪ್ರೋಗ್ರಾಮ್) ಒಂದನ್ನು ಬರೆದಿದ್ದೇವೆ. ಇಮೇಲ್‌ನಲ್ಲಿ ಸಾಗಲೆಂದು ಬೇಸ್64 ಎಂಬ ವಿಧಾನದಲ್ಲಿ ಅಕ್ಷರಗಳಾಗಿ ಬದಲಾಗಿ ಬಂದ ಲಗತ್ತನ್ನು ಅದು ಮೂಲ ರೂಪಕ್ಕೆ ತಂದು, ಹೆಸರನ್ನು ನೆಚ್ಚದೆ ಮೊದಲ ಬೈಟ್‌ಗಳನ್ನು ನೋಡುತ್ತದೆ: ಜಿಪ್ ‘ಪಿಕೆ’ ಎಂದೂ ವಿಂಡೋಸ್ ಪ್ರೋಗ್ರಾಮ್ ‘ಎಂಜೆಡ್’ ಎಂದೂ ಆರಂಭವಾಗುತ್ತದೆ. ಈಗಿನ ವರ್ಡ್, ಎಕ್ಸೆಲ್ ಕಡತಗಳೂ ಒಳಗಿನಿಂದ ಜಿಪ್‌ಗಳೇ ಆದ್ದರಿಂದ ಅವುಗಳಲ್ಲಿ ಮ್ಯಾಕ್ರೋ (ಕಡತದೊಳಗೇ ಇದ್ದು ಓಡುವ ಪುಟ್ಟ ಪ್ರೋಗ್ರಾಮ್) ಅಡಗಿದೆಯೇ ಎಂಬುದೂ ತಿಳಿಯುತ್ತದೆ. ನಮ್ಮ ಹೆಚ್ಚಿನ ಸಮಯ ಹಿಡಿದದ್ದು ಲಗತ್ತನ್ನು ಎಷ್ಟರವರೆಗೆ ಬಿಚ್ಚಬಹುದೆಂಬ ಮಿತಿಗಳನ್ನು ಗೊತ್ತುಮಾಡುವ ಕೆಲಸ. ಏಕೆಂದರೆ ಅಂಗೈಯಗಲದ ಜಿಪ್ ಬಿಚ್ಚಿಕೊಂಡು ಸರ್ವರ್‌ನ ಇಡೀ ಮೆಮೊರಿಯನ್ನೇ ನುಂಗುವಂತೆ ಮಾಡುವವರಿದ್ದಾರೆ. ಪ್ಲಗಿನ್ ಯಾವ ಲಗತ್ತನ್ನೂ ಓಡಿಸುವುದಿಲ್ಲ, ಅದರ ಪ್ರತಿಯನ್ನೂ ಇಟ್ಟುಕೊಳ್ಳುವುದಿಲ್ಲ.

ಪಾಸ್‌ವರ್ಡ್ ಹಾಕಿದ ಜಿಪ್‌ನ ಒಳಗನ್ನು ನಾವು ಓದಲಾರೆವು. ಸಾಮಾನ್ಯವಾಗಿ ಕಡತಗಳ ಹೆಸರಷ್ಟೇ ಕಾಣುತ್ತದೆ. ತೆರಿಗೆ ಪತ್ರಗಳನ್ನು ಹೀಗೆ ಕಳುಹಿಸುವ ಲೆಕ್ಕಪರಿಶೋಧಕರು ನಮ್ಮಲ್ಲಿ ಹಲವರಿರುವುದರಿಂದ, ಬೀಗವಿದೆ ಎಂಬ ಒಂದೇ ಕಾರಣಕ್ಕೆ ಅವನ್ನು ತಡೆಯುವುದು ನ್ಯಾಯವಲ್ಲವೆಂದು ತೀರ್ಮಾನಿಸಿ, ಹೆಸರಿನಲ್ಲಿ ಪ್ರೋಗ್ರಾಮ್‌ನ ಸುಳಿವಿದ್ದರೆ ಮಾತ್ರ ಅಂಕ ಏರಿಸುತ್ತೇವೆ.

ಅನುಮಾನದ ಪತ್ರಗಳನ್ನು ಅಳಿಸುವುದಿಲ್ಲ, ನಿಮ್ಮ ಸ್ಪ್ಯಾಮ್ ಫೋಲ್ಡರ್‌ಗೆ ಹಾಕುತ್ತೇವೆ. ಮೊದಲ ಕೆಲವು ವಾರ ಅದನ್ನು ದಿನಕ್ಕೊಮ್ಮೆ ನೋಡಿ. ಮ್ಯಾಕ್ರೋ ಇರುವ ಎಕ್ಸೆಲ್ ಹಾಳೆಗಳಲ್ಲಿ ವ್ಯವಹರಿಸುವವರು ಸೋಮವಾರಕ್ಕೆ ಮುಂಚೆಯೇ ಕಳುಹಿಸುವವರ ವಿಳಾಸಗಳನ್ನು ನಮಗೆ ತಿಳಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಇಮೇಲ್ ಸೇವಾ ವಿಭಾಗ, ಮೈಸೂರು