ಗೊತ್ತೇ ಆಗದೆ ಹೋದ್ರೆ ಅಂತ ಕೇಳಿದ್ದೀಯಲ್ಲ

ಪ್ರೀತಿಯ ಪುಟ್ಟಾ,

ಪತ್ರ ಬಂತು. ಮಿಕ್ಕ ಸುದ್ದಿಯೆಲ್ಲ ಅಕ್ಕ ಫೋನಲ್ಲಿ ಹೇಳ್ತಾನೇ ಇರ್ತಾಳೆ, ಅದನ್ನ ಇಲ್ಲಿ ಎತ್ತಲ್ಲ. ಆದ್ರೆ ಕೊನೇಲಿ ಸುಮ್ನೆ ಸೇರಿಸಿದ ಹಾಗೆ, ಒಂದು ಸಾಫ್ಟ್‌ವೇರಿಂದ ಇನ್ನೊಂದಕ್ಕೆ ಮೆಸೇಜ್ ಸಾಗಿಸೋ ಆ ಕ್ಯಾಮಲ್ ಬಗ್ಗೆ ಒಂದು ಸಾಲು ಬರ್ದಿದ್ದೀಯ ನೋಡು, "ಸರ್ವರ್ ಓಡ್ತಿರುವಾಗಲೇ ಡೇಟಾಬೇಸಿಂದ ಎಕ್ಸ್‌ಎಂಎಲ್ ಎತ್ಕೊಂಡು ಕ್ಯಾಮಲ್ ರೂಟ್ ಲೋಡ್ ಮಾಡ್ತೀವಿ ಚಿಕ್ಕಮ್ಮ, ಅದ್ರಲ್ಲಿ ಏನಾದ್ರೂ ಫೇಲ್ ಆದ್ರೆ ನಂಗೆ ಗೊತ್ತೇ ಆಗಲ್ವೇನೋ ಅನ್ಸುತ್ತೆ" ಅಂತ, ಅದು ತಲೇಲಿ ಕೂತ್ಬಿಟ್ಟಿದೆ ಕಣೋ. ರಾತ್ರಿ ಮಲಗಿದ್ರೂ ಅದೇ. ಫೇಲ್ ಆದ್ರೆ ಅಂತ ಹೆದರೋರನ್ನ ಬೇಕಾದಷ್ಟು ನೋಡಿದೀನಿ, ಗೊತ್ತಾಗ್ದೆ ಹೋದ್ರೆ ಅಂತ ಹೆದರೋರು ಕಮ್ಮಿ, ಅಂಥೋರು ಸರಿಯಾಗಿ ನಿದ್ದೆ ಮಾಡಲ್ಲ.

ನಿನ್ನ ಅನುಮಾನ ಸುಳ್ಳಲ್ಲ, ಅದನ್ನ ಮೊದ್ಲು ಹೇಳ್ಬಿಡ್ತೀನಿ. ಜಾವಾದಲ್ಲಿ ರೂಟ್‌ಬಿಲ್ಡರ್ ಕ್ಲಾಸಿನ ಕಾನ್ಫಿಗರ್ ಮೆಥಡ್ ಒಳಗೆ ಮೇಲ್ಗಡೆ, ಎಕ್ಸೆಪ್ಶನ್ ಅಂದ್ರೆ ತಪ್ಪು ಬಂದಾಗ ಏನ್ಮಾಡ್ಬೇಕು ಅಂತ ಆನ್‌ಎಕ್ಸೆಪ್ಶನ್ ಬರೀತೀವಲ್ಲ, ಅದು ಆ ಒಂದು ಕ್ಲಾಸಲ್ಲಿರೋ ರೂಟ್‌ಗಳಿಗೆ, ಅಂದ್ರೆ ಮೆಸೇಜ್ ಹೋಗೋ ದಾರಿಗಳಿಗೆ ಮಾತ್ರ. ಇಡೀ ಕಾಂಟೆಕ್ಸ್ಟ್‌ಗೇ, ಅಂದ್ರೆ ಎಲ್ಲ ರೂಟ್‌ಗಳೂ ಓಡೋ ಜಾಗಕ್ಕೇ ಅನ್ವಯಿಸುತ್ತೆ ಅಂತ ಎಷ್ಟೋ ಜನ ಅಂದ್ಕೊಂಡಿರ್ತಾರೆ. ಬೇರೆ ಮನೆ ಮಾಡ್ಕೊಂಡು ಹೋದೋರಿಗೆ ಹಳೇ ಮನೆ ಬೀಗದ ಕೈ ಕೊಟ್ರೆ ಏನು ಪ್ರಯೋಜನ? ನೀನು ಆಮೇಲೆ ಲೋಡ್ ಮಾಡೋ ಎಕ್ಸ್‌ಎಂಎಲ್ ರೂಟ್ ಆ ಕ್ಲಾಸಿಗೆ ಸೇರಿದ್ದೇ ಅಲ್ಲ. ಅದಕ್ಕೆ ಸಿಗೋದು ಡೀಫಾಲ್ಟ್ ಎರರ್ ಹ್ಯಾಂಡ್ಲರ್, ಅದು ಒಂದ್ಸಲಾನೂ ರೀಟ್ರೈ ಮಾಡಲ್ಲ, ಲಾಗಲ್ಲಿ ಎರರ್ ಬರ್ದು ಎಕ್ಸೆಪ್ಶನ್ನನ್ನ ಕರೆದೋರಿಗೆ ವಾಪಸ್ ಎಸೆಯುತ್ತೆ ಅಷ್ಟೇ. ಕರೆದಿದ್ದು ಟೈಮರ್ ಆಗಿದ್ರೆ ಕೇಳೋರು ಯಾರು ಹೇಳು.

ಲಾಗ್ ತೆಗೆದು ನೋಡು. "ಫೇಲ್ಡ್ ಡೆಲಿವರಿ ಫಾರ್" ಅಂತ ಶುರುವಾಗಿ ಮೆಸೇಜ್ ಐಡಿ, ಎಕ್ಸ್‌ಚೇಂಜ್ ಐಡಿ ಎಲ್ಲ ಆದ್ಮೇಲೆ "ಎಕ್ಸಾಸ್ಟೆಡ್ ಆಫ್ಟರ್ ಡೆಲಿವರಿ ಅಟೆಂಪ್ಟ್: 1" ಅಂತ ಒಂದು ಸಾಲು ಇರುತ್ತೆ. ನೀನು ಆನ್‌ಎಕ್ಸೆಪ್ಶನ್‌ನಲ್ಲಿ 3 ಸಲ ರೀಡೆಲಿವರಿ ಅಂತ ಕೊಟ್ಟಿದ್ರೆ ಅಲ್ಲಿ 4 ಬರಬೇಕು, ಮೊದಲ್ನೇದು ಒಂದು, ಆಮೇಲಿನ ಪ್ರಯತ್ನ 3. 1 ಅಂತಿದ್ರೆ ನಿನ್ನ ಹ್ಯಾಂಡ್ಲರ್ ಆ ರೂಟಿಗೆ ಅಂಟೇ ಇಲ್ಲ ಅಂತ ಅರ್ಥ. ಆದ್ರೂ ಅಲ್ಲಿ ಒಂದು ಸಾಲಾದ್ರೂ ಬಿತ್ತಲ್ಲ, ಅಷ್ಟರ ಮಟ್ಟಿಗೆ ವಾಸಿ. ನಿಜವಾಗ್ಲೂ ಸದ್ದೇ ಇಲ್ಲದೆ ಹೋಗೋದು ಎಲ್ಲಿ ಗೊತ್ತಾ, ಹ್ಯಾಂಡಲ್ಡ್ ಟ್ರೂ ಅಂತ ಹಾಕಿ ಒಳಗೆ ಲಾಗ್ ಬರೆಯೋದು ಮರೆತ ಕಡೆ. ಹ್ಯಾಂಡಲ್ಡ್ ಅಂತ ನೀನು ಹೇಳಿದ್ಮೇಲೆ ಕ್ಯಾಮಲ್ ತಾನಾಗಿ ಲಾಗ್ ಮಾಡಲ್ಲ, ನೀನು ನೋಡ್ಕೊಂಡಿದ್ದೀಯ ಅಂತ ನಂಬಿಬಿಡುತ್ತೆ. ಡೆಡ್ ಲೆಟರ್ ಚಾನೆಲ್ಲೂ ಅಷ್ಟೇ, ಫೇಲ್ ಆದ ಮೆಸೇಜ್ ಪಕ್ಕಕ್ಕೆ ಹಾಕಿ ಕರೆದೋರಿಗೆ ಎಲ್ಲ ಸರಿ ಇದೆ ಅನ್ನೋ ಹಾಗೆ ಸುಮ್ನಿರುತ್ತೆ.

ಡೆಡ್ ಲೆಟರ್ ಅಂದಾಗೆಲ್ಲ ನಂಗೆ ಒಬ್ಬ ಹುಡುಗ ನೆನಪಾಗ್ತಾನೆ. ನಾವು ಕ್ಯಾಮಲ್ 2ರಲ್ಲಿ ಕೆಲಸ ಮಾಡ್ತಿದ್ದ ಕಾಲ, ಹೆಸರು ಬೇಡ, ಕಂಪನಿ ಹೆಸರೂ ಬೇಡ. ಫೇಲ್ ಆದ ಮೆಸೇಜೆಲ್ಲ ಒಂದು ಕ್ಯೂಗೆ, ಅಂದ್ರೆ ಸಾಲಾಗಿ ಕಾಯೋ ಜಾಗಕ್ಕೆ ಹೋಗೋ ಹಾಗೆ ಇತ್ತು, ಆ ಕ್ಯೂ ಇದ್ದ ಮೆಷಿನ್ನಿನ ಡಿಸ್ಕೇ ತುಂಬಿಹೋಯ್ತು. ಆಗ ಏನಾಗುತ್ತೆ ಅಂದ್ರೆ, ಡೆಡ್ ಲೆಟರ್ ಕ್ಯೂಗೆ ಕಳ್ಸೋವಾಗ್ಲೇ ಹೊಸ ಎಕ್ಸೆಪ್ಶನ್ ಬಂದ್ರೆ ಕ್ಯಾಮಲ್ ಡೀಫಾಲ್ಟಾಗಿ ಅದನ್ನೂ ನುಂಗ್ಕೊಳ್ಳುತ್ತೆ, ಒಂದು ವಾರ್ನಿಂಗ್ ಬರ್ದು ಮುಂದೆ ಹೋಗುತ್ತೆ. ಮೂಲ ಕ್ಯೂನಲ್ಲೂ ಇಲ್ಲ, ಇಲ್ಲೂ ಇಲ್ಲ, ಮೆಸೇಜ್ ಮಾಯ. ಲೆಕ್ಕ ತಾಳೆ ಆಗ್ತಿಲ್ಲ ಅಂತ ಗ್ರಾಹಕರ ಕಡೆಯೋರು ಹೇಳೋವರೆಗೂ ಯಾರಿಗೂ ಗೊತ್ತಿಲ್ಲ. ಆ ರೂಟ್ ಬರೆದೋನು ಅವ್ನು ಅಂತ ಎಲ್ಲ ಅವನ ತಲೆ ಮೇಲೆ ಬಂತು. ಮೀಟಿಂಗಲ್ಲಿ ಅವ್ನು ಕೂತಿದ್ದ ರೀತಿ ಈಗ್ಲೂ ಕಣ್ಣಿಗೆ ಕಟ್ಟಿದ ಹಾಗಿದೆ, ಪೆನ್ನಿನ ಕ್ಯಾಪ್ ಹಾಕೋದು ತೆಗೆಯೋದು, ಹಾಕೋದು ತೆಗೆಯೋದು. ಅವ್ನು ಕೆಲಸ ಬಿಟ್ಟು ಹೋದ್ಮೇಲೆ ಒಂದು ಫೋನ್ ಮಾಡೋಣ ಅಂತ ಎಷ್ಟೋ ಸಲ ಅನ್ಸಿತ್ತು. ಆಮೇಲೆ ಅವನ ನಂಬರೂ ಬದಲಾಗಿತ್ತು. ಎಲ್ಲಿದಾನೋ.

ಆ ಹುಡುಗನೂ ನಿನ್ನ ಹಾಗೇ, ಫೇಲ್ ಆದ್ರೆ ನಂಗೆ ಹೇಳೋದು ಯಾರು ಅಂತ ಕೇಳಿದ್ದ. ಅದಕ್ಕೇ ನಿನ್ನ ಸಾಲು ಓದಿ ಹೀಗಾಯ್ತು ಅನ್ಸುತ್ತೆ.

ಸರಿ, ಕೆಲಸಕ್ಕೆ ಬರೋದು ಏನಾದ್ರೂ ಹೇಳ್ಬೇಕಲ್ಲ, ನಾನು ಕೋಡ್ ಮುಟ್ಟಿ ಕಾಲ ಆಯ್ತು, ಸರಿ ಅನ್ಸಿದ್ದು ಇಟ್ಕೋ. ನಮ್ಮ ಕಾಲದಲ್ಲಿ ಒಂದು ಬೇಸ್ ಕ್ಲಾಸಲ್ಲಿ ಆನ್‌ಎಕ್ಸೆಪ್ಶನ್ ಎಲ್ಲ ಬರ್ದಿಟ್ಟು, ಪ್ರತಿ ರೂಟ್‌ಬಿಲ್ಡರೂ ಅದನ್ನ ಎಕ್ಸ್‌ಟೆಂಡ್ ಮಾಡಿ ಮೊದಲ್ನೇ ಸಾಲಲ್ಲೇ ಸೂಪರ್ ಡಾಟ್ ಕಾನ್ಫಿಗರ್, ಅಂದ್ರೆ ಆ ಬೇಸ್ ಕ್ಲಾಸಿನ ಕಾನ್ಫಿಗರನ್ನ ಕರೀಬೇಕಿತ್ತು. ಯಾರಾದ್ರೂ ಆ ಸಾಲು ಬಿಟ್ರೆ ಕಂಪೈಲರ್ ಏನೂ ಹೇಳ್ತಿರ್ಲಿಲ್ಲ. ಎಕ್ಸ್‌ಎಂಎಲ್ ರೂಟಿಗಂತೂ ಆ ದಾರೀನೂ ಇಲ್ಲ, ಪ್ರತಿ ರೂಟ್ ಒಳಗೂ ಮತ್ತೆ ಮತ್ತೆ ಆನ್‌ಎಕ್ಸೆಪ್ಶನ್ ಬರೀಬೇಕು, ಇಲ್ಲಾಂದ್ರೆ ರೂಟಿನ ಮೇಲೆ ಎರರ್ ಹ್ಯಾಂಡ್ಲರ್ ರೆಫ್, ಅಂದ್ರೆ ಯಾವ ಹ್ಯಾಂಡ್ಲರ್ ಅಂತ ಅದರ ಹೆಸರು ಕೊಡ್ಬೇಕು. ಈಗ ನಿಮಗೆ ಸುಖ. ಕ್ಯಾಮಲ್ 3.12ರಿಂದ ರೂಟ್ ಕಾನ್ಫಿಗರೇಶನ್ ಅಂತ ಬಂದಿದೆ, ಆನ್‌ಎಕ್ಸೆಪ್ಶನ್ನನ್ನ ರೂಟಿಂದ ಹೊರಗೇ ಇಡಬಹುದು, ಜಾವಾ ಆಗ್ಲಿ ಎಕ್ಸ್‌ಎಂಎಲ್ ಆಗ್ಲಿ ಯಾಮಲ್ ಆಗ್ಲಿ ಎಲ್ಲ ರೂಟಿಗೂ ಅನ್ವಯಿಸುತ್ತೆ. ಐಡಿ ಕೊಡದೆ ಒಂದು ಬರ್ದಿಟ್ರೆ, ತಾನಾಗಿ ಯಾವ ಕಾನ್ಫಿಗರೇಶನ್ ಐಡೀನೂ ಹೇಳದ ರೂಟ್‌ಗಳೆಲ್ಲ ಅದನ್ನೇ ತಗೊಳ್ಳುತ್ವೆ. ರೂಟ್ ಲೋಡ್ ಆಗೋ ಮುಂಚೆ ಅದು ಕಾಂಟೆಕ್ಸ್ಟ್‌ನಲ್ಲಿ ಇರಬೇಕು, ಆಮೇಲೆ ಸೇರಿಸ್ತೀನಿ ಅಂದ್ಕೋಬೇಡ.

ಆಮೇಲೆ ಡೈರೆಕ್ಟ್ ವಿಷ್ಯ, ಒಂದು ರೂಟ್ ಇನ್ನೊಂದನ್ನ ನೇರವಾಗಿ ಕರೆಯೋದು. ಒಂದು ರೂಟಿಂದ ಇನ್ನೊಂದನ್ನ ಡೈರೆಕ್ಟಲ್ಲಿ ಕರೆದಾಗ ಎರಡನೇದರ ಹ್ಯಾಂಡ್ಲರ್ ಮೊದ್ಲು ಕೈ ಹಾಕುತ್ತೆ. ಅದು ಅಲ್ಲೇ ನುಂಗಿದ್ರೆ ಮೊದಲ್ನೇ ರೂಟಿಗೆ ಗೊತ್ತೇ ಆಗಲ್ಲ, ಮತ್ತೆ ಅದೇ ನಿನ್ನ ಭಯ ನೋಡು. ಕರೆದ ರೂಟೇ ನೋಡ್ಕೊಳ್ಳಲಿ ಅಂತಿದ್ರೆ ಎರಡನೇದಕ್ಕೆ ತಾನು ಏನೂ ಹಿಡಿಯದ ನೋ ಎರರ್ ಹ್ಯಾಂಡ್ಲರ್ ಕೊಡು. ರೀಟ್ರೈ ರೂಟಿನ ಮೊದ್ಲಿಂದ ಆಗಲ್ಲ, ಮುರಿದ ಜಾಗದಿಂದಲೇ ಆಗೋದು, ಇದು ನಿಂಗೆ ಗೊತ್ತಿರುತ್ತೆ ಬಿಡು.

ಇನ್ನೊಂದು, ಇದನ್ನ ಹೇಳಿದ್ರೆ ನಗ್ತೀಯೇನೋ. ಬೇಕಂತಲೇ ಬೀಳೋ ಒಂದು ರೂಟ್ ಇಟ್ಕೋ, ಒಳಗೆ ಥ್ರೋ ಎಕ್ಸೆಪ್ಶನ್ ಬಿಟ್ರೆ ಬೇರೇನೂ ಬೇಡ, ನಿಮ್ಮ ಲೋಡರ್ ಯಾವ ದಾರೀಲಿ ರೂಟ್ ತರುತ್ತೋ ಅದೇ ದಾರೀಲಿ ಅದನ್ನೂ ತರ್ಲಿ. ಒಂದು ಮೆಸೇಜ್ ಕಳ್ಸು, ನಿನ್ನ ಹ್ಯಾಂಡ್ಲರ್ ಹಿಡೀತಾ ಇಲ್ವಾ ನೋಡು, ಪ್ರತಿ ರಿಲೀಸಿಗೂ ಮಾಡು. ನಮ್ಮಲ್ಲಿ ಹೀಗೆ ಮಾಡೋಣ ಅಂದಾಗ ಟೈಮಿಲ್ಲ ಅಂದ್ರು, ನಾನೂ ಜಾಸ್ತಿ ಜಗ್ಗಲಿಲ್ಲ, ಜಗ್ಗಿದ್ರೂ ಕೇಳ್ತಿದ್ರು ಅಂತ ಅಲ್ಲ.

ಎಕ್ಸ್‌ಎಂಎಲ್ಲೇ ತಪ್ಪಿದ್ರೆ, ಎಂಡ್‌ಪಾಯಿಂಟ್, ಅಂದ್ರೆ ಮೆಸೇಜ್ ಬರೋ ಹೋಗೋ ವಿಳಾಸದ ಹೆಸರು ತಪ್ಪಿದ್ರೆ, ಅದು ಎರರ್ ಹ್ಯಾಂಡ್ಲರ್ ಹತ್ರ ಬರೋದೇ ಇಲ್ಲ. ಹ್ಯಾಂಡ್ಲರ್ ನೋಡೋದು ರೂಟಲ್ಲಿ ಹರಿಯೋ ಮೆಸೇಜನ್ನ, ರೂಟ್ ಹುಟ್ಟೋದನ್ನಲ್ಲ. ಲೋಡ್ ಮಾಡೋ ನಿಮ್ಮ ಕೋಡಿಗೇ ಎಕ್ಸೆಪ್ಶನ್ ಬರುತ್ತೆ, ಅಲ್ಲೇ ಹಿಡಿದು ಯಾವ ರೂಟ್ ಅಂತ ಐಡಿ ಸಮೇತ ಬರ್ದಿಡು, ಹಿಡಿದು ಏನೂ ಮಾಡದ ಖಾಲಿ ಕ್ಯಾಚ್ ಬ್ಲಾಕ್ ಬಿಡಬೇಡ. ಇನ್ನೊಂದು ನೋಡು, ಓಡ್ತಿರೋ ರೂಟಿನ ಐಡಿಯನ್ನೇ ಹೊಸದಕ್ಕೂ ಕೊಟ್ರೆ ಹಳೇದು ಹೋಗಿ ಹೊಸದು ಕೂರುತ್ತೆ, ಐಡಿ ಕಾಪಿ ಪೇಸ್ಟ್ ಮಾಡೋವಾಗ ಹುಷಾರು.

ಹಾಂ, ಫೈಲ್ ಓದೋ ರೂಟ್ ಇದೆ ಅಂದಿದ್ಯಲ್ಲ. ಫೈಲ್ ಎತ್ಕೊಳ್ಳೋವಾಗ್ಲೇ ಎಕ್ಸೆಪ್ಶನ್ ಬಂದು ಬಿದ್ರೆ ಅಲ್ಲಿನ್ನೂ ಮೆಸೇಜೇ ಹುಟ್ಟಿರಲ್ಲ, ಹಾಗಾಗಿ ನಿನ್ನ ಆನ್‌ಎಕ್ಸೆಪ್ಶನ್ನಿಗೆ ಸುದ್ದಿ ಹೋಗಲ್ಲ, ಫೈಲ್ ಎತ್ಕೊಳ್ಳೋ ಕನ್ಸ್ಯೂಮರ್ ತನ್ನ ಪಾಡಿಗೆ ಲಾಗ್ ಮಾಡ್ಕೊಂಡು ಮುಂದಿನ ಸಲ ನೋಡೋಣ ಅಂತಿರುತ್ತೆ. ಎಂಡ್‌ಪಾಯಿಂಟಲ್ಲಿ ಬ್ರಿಡ್ಜ್ ಎರರ್ ಹ್ಯಾಂಡ್ಲರ್ ಟ್ರೂ ಅಂತ ಸೇರಿಸು, ಆಗ ಆ ತಪ್ಪೂ ನಿನ್ನ ಹ್ಯಾಂಡ್ಲರಿಗೆ ಬರುತ್ತೆ, ಡೀಫಾಲ್ಟ್ ಫಾಲ್ಸ್ ಇರುತ್ತೆ. ಇದನ್ನ ಇವತ್ತೇ ಮಾಡು, ಮಿಕ್ಕಿದ್ದು ನಿಧಾನಕ್ಕಾದ್ರೂ ಪರವಾಗಿಲ್ಲ.

ನಿಮ್ಮ ಕ್ಯಾಮಲ್ ವರ್ಶನ್ ಯಾವ್ದು ಅಂತ ಬರೀಲೇ ಇಲ್ಲ ನೀನು. 3.12ಕ್ಕಿಂತ ಹಳೇದಾಗಿದ್ರೆ ರೂಟ್ ಕಾನ್ಫಿಗರೇಶನ್ ಮಾತು ಬಿಟ್ಟು ಪ್ರತಿ ಎಕ್ಸ್‌ಎಂಎಲ್‌ನಲ್ಲೂ ಬರೆಯೋ ಹಳೇ ದಾರೀನೇ ಗತಿ. ನೋಡಿ ತಿಳ್ಸು.

ನಿನ್ನ
ಚಿಕ್ಕಮ್ಮ